ಕ್ಲೆಮಾಟಿಸ್ ಬಳ್ಳಿ ಇದ್ದಕ್ಕಿದ್ದಂತೆ ಸೊರಗಿದೆ, ಸಹಾಯ ಬೇಕು

ನಮಸ್ಕಾರ. ನನ್ನ ಹತ್ತಿರ ದೊಡ್ಡ ಹೂವಿನ ಕ್ಲೆಮಾಟಿಸ್ ಎರಡಿವೆ, ನೆಲ್ಲಿ ಮೋಸರ್ ಮತ್ತು ಜಾಕ್‌ಮನಿ. ಮೈತುಂಬಾ ಮೊಗ್ಗಿದ್ದ ನೆಲ್ಲಿ ಮೋಸರ್‌ನ ಒಂದು ಕಾಂಡ ಎರಡೇ ದಿನದಲ್ಲಿ ಜೋತುಬಿದ್ದು ಕಪ್ಪಾಯಿತು, ಪಕ್ಕದ ಕಾಂಡ ಮಾತ್ರ ಚೆನ್ನಾಗೇ ಇದೆ. ನೀರು ಕಡಿಮೆ ಆಗಿಲ್ಲ, ಬುಡಕ್ಕೆ ನೆರಳೂ ಇದೆ. ಶಿಲೀಂಧ್ರದಿಂದ ಬರುವ ಸೊರಗು ರೋಗ ಇರಬಹುದು ಅನ್ನಿಸಿ ಆ ಕಾಂಡವನ್ನು ನೆಲಮಟ್ಟಕ್ಕೆ ಕತ್ತರಿಸಿ ದೂರ ಎಸೆದೆ. ನೆಡುವಾಗ ಬುಡವನ್ನು ಸುಮಾರು 6 ಸೆಂ.ಮೀ. ಆಳಕ್ಕೆ ಇಟ್ಟಿದ್ದೆ, ಹಾಗಾಗಿ ಮಣ್ಣೊಳಗಿನ ಗಿಣ್ಣಿನಿಂದ ಮತ್ತೆ ಚಿಗುರುತ್ತದೆ ಅಂತ ಒಂದು ಆಸೆ.

ಉಳಿದ ಕಾಂಡವನ್ನೂ ಈಗಲೇ ಕತ್ತರಿಸಬೇಕಾ, ಸುಮ್ನೆ ಬಿಡಬೇಕಾ? ಜಾಕ್‌ಮನಿ ಆದರೆ ಹೊಸ ಚಿಗುರಲ್ಲೇ ಹೂ ಬಿಡುತ್ತದೆ, ಚಿಂತೆಯಿಲ್ಲ. ನೆಲ್ಲಿ ಮೋಸರ್‌ನ ಮೊದಲ ಹೂ ಹಳೆ ಕಾಂಡದಲ್ಲೇ ಅಲ್ವಾ, ಕತ್ತರಿ ಹಾಕೋಕೆ ಮನಸ್ಸೇ ಬರುತ್ತಿಲ್ಲ. ಇದು ಆಗಿ ಚಿಗುರಿದವರು ಯಾರಾದರೂ ಇದ್ದರೆ, ಅಂದರೆ ನಿಮ್ಮ ಬಳ್ಳಿ, ದಯವಿಟ್ಟು ಹೇಳಿ.