ಅಂಗಳದ ಹುಲ್ಲು ಕತ್ತರಿಸಲು ಬ್ಯಾಟರಿ ಮೆಷಿನ್ ಸಾಕಾಗುತ್ತದಾ? 88 ವೋಲ್ಟ್ ಅಂತ ಬರೆದದ್ದು ನಿಜವಾ?

ನೀರ್ಚಾಲು ಟೀಚರ್:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಸರಗೋಡಿನ ನೀರ್ಚಾಲಿನ ಹತ್ತಿರ. ಮನೆ ಸುತ್ತ ಸುಮಾರು 20 ಸೆಂಟ್ಸ್ ಜಾಗ, ಕೆಳಗೆ ಒಂದು ಎಕ್ರೆ ಅಡಿಕೆ ತೋಟ. ತೋಟಕ್ಕೆ ವರ್ಷಕ್ಕೆ ಎರಡು ಸಲ ಜನ ಬಂದು ಹುಲ್ಲು ತೆಗೆದು ಹೋಗುತ್ತಾರೆ, ಅದು ಹೇಗೋ ನಡೆಯುತ್ತದೆ. ತಲೆನೋವು ಮನೆ ಸುತ್ತಿನದ್ದು. ಮಳೆ ಹಿಡಿದ ಮೇಲೆ ಹತ್ತು ದಿನ ಬಿಟ್ಟರೆ ಬಾವಿಗೆ ಹೋಗುವ ದಾರಿಯೇ ಕಾಣಿಸುವುದಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಮೆಷಿನಿನವರು ಬರುವುದೂ ಇಲ್ಲ, ನಾಳೆ ಬರುತ್ತೇನೆ ಎಂದವರು ಓಣಂ ಕಳೆದ ಮೇಲೆ ಬಂದದ್ದುಂಟು.

ಮನೆಯಲ್ಲಿ ಪೆಟ್ರೋಲ್ ಮೆಷಿನ್ ಒಂದು ಇದೆ. ಅಪ್ಪನಿಗೆ 70 ದಾಟಿತು, ಅದರ ಹಗ್ಗ ಎಳೆದು ಎಳೆದು ಭುಜ ನೋವು. ನಾನು ಎಳೆದರೆ ಒಂದು ಸಲ ಕೆಮ್ಮುತ್ತದೆ, ಮತ್ತೆ ಸದ್ದಿಲ್ಲ. ಹಾಗಾಗಿ ಬ್ಯಾಟರಿಯದ್ದು ತೆಗೆಯುವ ಅಂತ ನೋಡುತ್ತಿದ್ದೇನೆ. ಆದರೆ ನೋಡಿದಷ್ಟೂ ಗೊಂದಲ ಜಾಸ್ತಿ. ಹೆಸರಿರುವ ಕಂಪೆನಿಯವರು 18 ವೋಲ್ಟ್ ಅಂತಾರೆ, ದುಬಾರಿ. ಆನ್‌ಲೈನಿನಲ್ಲಿ ಅದರ ಕಾಲು ಭಾಗದ ಬೆಲೆಗೆ 88 ವೋಲ್ಟ್, ಎರಡು ಬ್ಯಾಟರಿ, ಜೊತೆಗೆ ಗರಗಸದ ಚಕ್ರ ಬೇರೆ! 88 ದೊಡ್ಡದಲ್ವಾ? ಮತ್ತೆ ಯಾಕೆ ಕಡಿಮೆ ಬೆಲೆ? ಅಥವಾ ಕರೆಂಟಿಗೆ ಸಿಕ್ಕಿಸುವುದನ್ನೇ ತೆಗೆಯಲಾ? ಬಳಸಿದವರು ಯಾರಾದರೂ ಹೇಳಿ.

ಪೆರ್ಲದ ಅಡಿಕೆಗಾರ:
ಟೀಚರೇ, ಆ 88ರ ಕಥೆ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಅದಕ್ಕೆ ದುಡ್ಡು ಕೊಟ್ಟು ಮೋಸ ಹೋದವರಲ್ಲಿ ನಾನೂ ಒಬ್ಬ. ಹೋದ ವರ್ಷ ಆಟಿ ತಿಂಗಳ ಮಳೆಗಾಲದಲ್ಲಿ ತರಿಸಿದ್ದು. ಬ್ಯಾಟರಿಯ ಮೇಲೆ ದೊಡ್ಡದಾಗಿ 88 ಅಂತ ಉಂಟು, ಪಕ್ಕದಲ್ಲಿ ಸಣ್ಣಕ್ಕೆ ಒಂದು ಅಕ್ಷರ. ಆಮೇಲೆ ಚಾರ್ಜರನ್ನು ಮಗುಚಿ ನೋಡಿದೆ. ಅಲ್ಲಿ ಔಟ್‌ಪುಟ್ 21 ವೋಲ್ಟ್ ಅಂತ ಇತ್ತು. 21 ವೋಲ್ಟಿನ ಚಾರ್ಜರ್ 88 ವೋಲ್ಟಿನ ಬ್ಯಾಟರಿಯನ್ನು ತುಂಬಿಸುವುದು ಎಲ್ಲಿಂದ ಮಾರಾಯ್ರೇ?

ವಾರಂಟಿಯಂತೂ ಇರಲಿಲ್ಲ, ನಾಲ್ಕು ಸ್ಕ್ರೂ ತೆಗೆದು ಪ್ಯಾಕನ್ನೇ ಬಿಚ್ಚಿದೆ. ಒಳಗೆ ಐದು ಸೆಲ್, ಹೆಬ್ಬೆರಳಿಗಿಂತ ಸ್ವಲ್ಪ ಉದ್ದ, ಒಂದರ ಪಕ್ಕ ಒಂದು. ಉಳಿದರ್ಧ ಡಬ್ಬಿ ಖಾಲಿ, ಅದು ಅಲ್ಲಾಡದ ಹಾಗೆ ಒಂದು ಪ್ಲಾಸ್ಟಿಕ್ ತುಂಡು ಸಿಕ್ಕಿಸಿದ್ದರು. ಲಿಥಿಯಂ ಸೆಲ್ ಒಂದಕ್ಕೆ ಸಾಧಾರಣ 3.6 ವೋಲ್ಟ್, ಪೂರ್ತಿ ತುಂಬಿದಾಗ 4.2. ಐದು ಸೇರಿದರೆ 18, ತುಂಬಿದಾಗ 21. ಅಂದರೆ 18, 20, 21, 88 ಅಂತ ಅವರವರಿಗೆ ಬೇಕಾದ ಹಾಗೆ ಬರೆದದ್ದೆಲ್ಲ ಒಂದೇ ಐದು ಸೆಲ್ಲು. ಹೆಸರಿರುವ ಕಂಪೆನಿಯವರು 18 ಅಥವಾ 20 ಅಂತ ಬರೆಯುತ್ತಾರೆ, ಅದು ಸುಳ್ಳಲ್ಲ. 36 ಅಂದರೆ ಹತ್ತು ಸೆಲ್, ಅದನ್ನೇ ಕೆಲವರು 40 ಅಂತಾರೆ.

ವೋಲ್ಟ್ ಬಿಡಿ. ನೋಡಬೇಕಾದ್ದು ವೋಲ್ಟನ್ನು ಆಂಪ್ ಅವರ್‌ನಿಂದ ಗುಣಿಸಿದರೆ ಬರುವ ವಾಟ್ ಅವರ್, ಅಂದರೆ ಬ್ಯಾಟರಿಯಲ್ಲಿ ಒಟ್ಟು ಎಷ್ಟು ಶಕ್ತಿ ಹಿಡಿಯುತ್ತದೆ ಅನ್ನುವ ಲೆಕ್ಕ. 18 ವೋಲ್ಟ್, 4 ಆಂಪ್ ಅವರ್ ಆದರೆ 72. ಹುಲ್ಲಿನಲ್ಲಿ ಓಡುವಾಗ ಮೆಷಿನ್ ಹತ್ತಿರ ಹತ್ತಿರ 300 ವಾಟ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ, ಕಾಲು ಗಂಟೆಗೆ ಬ್ಯಾಟರಿ ಮುಗಿಯಿತು. ಡಬ್ಬಿಯಲ್ಲಿ ಒಂದು ಗಂಟೆ ಓಡುತ್ತದೆ ಅಂತ ಬರೆದರೆ ಅದು ಗಾಳಿಯಲ್ಲಿ ತಿರುಗಿಸಿದ್ದು, ಹುಲ್ಲಿನಲ್ಲಲ್ಲ.

20 ಸೆಂಟ್ಸಿನಲ್ಲಿ ಮನೆ, ಅಂಗಳ, ಬಾವಿಕಟ್ಟೆ ಕಳೆದರೆ ಹುಲ್ಲಿರುವುದು ಎಷ್ಟು? ಅರ್ಧ ಇರಬಹುದು. ಅದಕ್ಕೆ 18 ವೋಲ್ಟಿನದ್ದು, 4 ಆಂಪ್ ಅವರ್‌ನ ಎರಡು ಬ್ಯಾಟರಿ ಸಾಕು, ಹುಲ್ಲು ಗೇಣು ಉದ್ದ ಆಗುವ ಮೊದಲೇ ಹಿಡಿದರೆ. ಸೊಂಟದ ಎತ್ತರ ಬೆಳೆಸಿ ಮತ್ತೆ ಬ್ಯಾಟರಿ ಸಾಲದು ಅಂದರೆ ಅದು ಮೆಷಿನಿನ ತಪ್ಪಲ್ಲ. ನನ್ನ ಈಗಿನದ್ದು ಬ್ರಷ್‌ಲೆಸ್ ಮೋಟರಿನದ್ದು. ಸ್ವಲ್ಪ ಜಾಸ್ತಿ ದುಡ್ಡು, ಆದರೆ ಅದೇ ಬ್ಯಾಟರಿಯಲ್ಲಿ ಹೆಚ್ಚು ಹೊತ್ತು ಓಡುತ್ತದೆ, ಸವೆಯುವ ಕಾರ್ಬನ್ ಬ್ರಷ್ ಅದರಲ್ಲಿ ಇಲ್ಲ, ಬದಲಿಸುವ ಗೋಳೂ ಇಲ್ಲ.

ಹಟ್ಟಿ ಇದ್ದವ:
ಒಂದು ದನ ಕಟ್ಟಿ ಟೀಚರೇ. ಚಾರ್ಜ್ ಬೇಡ, ಸ್ಪೇರ್ ಪಾರ್ಟ್ ಬೇಡ, ಹಾಲೂ ಕೊಡುತ್ತದೆ 😀

ನೀರ್ಚಾಲು ಟೀಚರ್:
ದನ ಇತ್ತು ಭಾವ. ಅಂಗಳದ ಹುಲ್ಲು ಬಿಟ್ಟು ಅಮ್ಮನ ಮಲ್ಲಿಗೆ ತಿನ್ನುತ್ತಿತ್ತು.

@ಪೆರ್ಲದ ಅಡಿಕೆಗಾರ, ಓದಿದ ಕೂಡಲೇ ಪಕ್ಕದ ಮನೆಗೆ ಹೋಗಿ ಅವರ ಚಾರ್ಜರ್ ತಿರುಗಿಸಿ ನೋಡಿದೆ. ಅವರದ್ದು 98 ಅಂತೆ. ಚಾರ್ಜರಿನಲ್ಲಿ 21! ಅವರ ಮುಖ ನೋಡುವ ಹಾಗಿರಲಿಲ್ಲ. ಆದರೆ ಅವರ ಬ್ಯಾಟರಿಯಲ್ಲಿ 6000 ಎಂಎಎಚ್, ಅಂದರೆ 6 ಆಂಪ್ ಅವರ್, ಅಂತ ಇದೆ, ಅದಾದರೂ ನಿಜ ಇರಬಹುದಾ?

ಪೆರ್ಲದ ಅಡಿಕೆಗಾರ:
ಐದೇ ಸೆಲ್ ಇದ್ದು, ಅದು 18 ಮಿಲಿಮೀಟರ್ ದಪ್ಪ 65 ಉದ್ದದ ಮಾಮೂಲಿ ಸೆಲ್ ಆದರೆ ಸಾಧ್ಯವೇ ಇಲ್ಲ. ಆ ಗಾತ್ರದ ಒಳ್ಳೆ ಸೆಲ್ಲಿನಲ್ಲೂ ಸುಮಾರು 3500ಕ್ಕಿಂತ ಹೆಚ್ಚು ಹಿಡಿಯುವುದಿಲ್ಲ, ಇಂಥದ್ದರಲ್ಲಿ ಅದೂ ಇರುವುದಿಲ್ಲ. ಕೈಯಲ್ಲಿ ಎತ್ತಿ ನೋಡಲಿ. ಸೆಲ್ ಒಂದಕ್ಕೆ 45 ಗ್ರಾಮಿನ ಮೇಲೆ ತೂಕ ಇರುತ್ತದೆ. ಹತ್ತು ಸೆಲ್ಲಿನ ಪ್ಯಾಕ್ ಅರ್ಧ ಕಿಲೋ ಮೇಲೆ ಬರಬೇಕು. ಬಿಸ್ಕತ್ತು ಪ್ಯಾಕೆಟಿನ ಹಾಗೆ ಹಗುರ ಇದ್ದರೆ ಬಿಚ್ಚುವುದೇ ಬೇಡ, ಗೊತ್ತಾಯಿತು.

ಇನ್ನೊಂದು, ಆ ಗರಗಸದ ಚಕ್ರ ಹಾಕಲೇಬೇಡಿ. ಮುಂದೆ ಸರಿಯಾದ ಕವರ್ ಇಲ್ಲ, ಮೆಷಿನ್ ಹಗುರ, ಕಲ್ಲಿಗೆ ತಾಗಿದರೆ ಹಾರಿ ಕಾಲಿಗೇ ಬರುತ್ತದೆ. ನಮ್ಮ ಕಡೆಯ ಜಾಗದಲ್ಲಿ ಮುರಕಲ್ಲು ಇಲ್ಲದ ಕಡೆ ಎಲ್ಲಿ ಉಂಟು?

ಕುಂಬಳೆ ವರ್ಕ್‌ಶಾಪ್:
ನಾನು ಮೋಟರ್, ಪಂಪ್‌ಸೆಟ್ಟು, ಕಾಡು ಕಡಿಯುವ ಮೆಷಿನ್ ಎಲ್ಲ ರಿಪೇರಿ ಮಾಡುವವ. ಬ್ಯಾಟರಿಯವರು ಬಂದರೆ ನನ್ನ ಹೊಟ್ಟೆಗೆ ಹೊಡೆತ ಅಂತ ಹೇಳುತ್ತಿದ್ದಾನೆ ಅಂದುಕೊಳ್ಳಬೇಡಿ, ಆದರೆ ಟೀಚರೇ, ನಿಮ್ಮ ಪೆಟ್ರೋಲ್ ಮೆಷಿನ್ ಹಾಳಾಗಿಲ್ಲ. ಒಂದು ಸಲ ಕೆಮ್ಮಿ ನಿಲ್ಲುತ್ತದೆ ಅಂದರೆ ನೂರಕ್ಕೆ ತೊಂಬತ್ತು ಕಾರ್ಬುರೇಟರ್, ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ. ಕಳೆದ ಸಲ ಕೆಲಸ ಮುಗಿಸಿ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟಿದ್ದೀರಿ ಅಲ್ವಾ? ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಇದೆ, ಅದು ನೀರನ್ನು ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದ ಗಾಳಿಯಲ್ಲಿ ನಾಲ್ಕು ತಿಂಗಳು ನಿಂತರೆ ಕಾರ್ಬುರೇಟರಿನ ಒಳಗೆ ಬೆಲ್ಲದ ಪಾಕದ ಹಾಗೆ ಅಂಟು, ಸಣ್ಣ ತೂತೆಲ್ಲ ಬಂದ್. ಕ್ಲೀನ್ ಮಾಡಿ ಅದರೊಳಗಿನ ತೆಳ್ಳಗಿನ ಪದರ, ಡಯಾಫ್ರಾಮ್, ಬದಲಿಸಿದರೆ ಓಡುತ್ತದೆ. ಇನ್ನು ಮೇಲೆ ಇಡುವ ಮೊದಲು ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ.

ಮಾರಬೇಡಿ ಅದನ್ನು. ತೋಟಕ್ಕೆ ಅದೇ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್, ಅಂದರೆ 9000 ವಾಟ್ ಅವರ್ ಕರೆಂಟಿನಷ್ಟು ಶಕ್ತಿ ಇದೆ. ಸಣ್ಣ ಎಂಜಿನ್ ಅದರಲ್ಲಿ ಐದರಲ್ಲೊಂದು ಪಾಲು ಮಾತ್ರ ಕೆಲಸಕ್ಕೆ ಕೊಟ್ಟು ಉಳಿದದ್ದನ್ನು ಬಿಸಿ ಮಾಡಿ ಬಿಡುತ್ತದೆ ಅಂದರೂ, ಆ 72 ವಾಟ್ ಅವರ್‌ನ ಬ್ಯಾಟರಿ 25 ಬೇಕಾಗುತ್ತದೆ ಅದಕ್ಕೆ ಸಮ ಆಗಲು. ಎಕ್ರೆಗಟ್ಟಲೆ ಜಾಗಕ್ಕೆ ಬ್ಯಾಟರಿ ಹಿಡಿದು ಹೊರಟವರು ಮಧ್ಯಾಹ್ನ ಊಟಕ್ಕೆ ಬಂದವರು ಮತ್ತೆ ಹೋಗುವುದಿಲ್ಲ. ಅಂಗಳಕ್ಕೆ ಬ್ಯಾಟರಿ, ನನ್ನ ತಕರಾರಿಲ್ಲ.

ಕರೆಂಟಿಗೆ ಸಿಕ್ಕಿಸುವುದು ಕೇಳಿದಿರಿ. ಬೇಸಿಗೆಯಲ್ಲಿ ಒಣ ಅಂಗಳದಲ್ಲಿ ಒಳ್ಳೆಯದೇ, ಬೆಲೆ ಕಡಿಮೆ, ಸಾಯುವವರೆಗೆ ಓಡುತ್ತದೆ. ಆದರೆ ಬೇಸಿಗೆಯಲ್ಲಿ ನಮ್ಮಲ್ಲಿ ಹುಲ್ಲೆಲ್ಲಿದೆ? ಹುಲ್ಲಿರುವಾಗ ಅದು ಒದ್ದೆ. 230 ವೋಲ್ಟಿನ ವಯರನ್ನು ಒದ್ದೆ ಹುಲ್ಲಿನಲ್ಲಿ ಎಳೆದುಕೊಂಡು, ಹುಲ್ಲು ಕತ್ತರಿಸುವ ಮೆಷಿನನ್ನೇ ಅದರ ಪಕ್ಕದಲ್ಲಿ ಆಡಿಸುವುದು ನನಗೆ ಸರಿ ಕಾಣುವುದಿಲ್ಲ. ತೆಗೆಯಲೇಬೇಕು ಅಂತಿದ್ದರೆ ಕರೆಂಟ್ ಸೋರಿದರೆ ತಾನೇ ಆಫ್ ಮಾಡುವ 30 ಮಿಲಿ ಆಂಪಿನ ಇಎಲ್‌ಸಿಬಿ ಇರಲೇಬೇಕು, ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಬೇಕು. ವಯರು 1.5 ಸ್ಕ್ವೇರ್ ಮಿಲಿಮೀಟರಿನ ತಾಮ್ರದ್ದೇ ಆಗಬೇಕು, ದೀಪದ ಸರಕ್ಕೆ ಹಾಕುವ ತೆಳ್ಳಗಿನದ್ದಲ್ಲ. ವಯರನ್ನು ಹೆಗಲ ಮೇಲಿಂದ ಹಿಂದಕ್ಕೆ ಬಿಟ್ಟುಕೊಂಡು, ಪ್ಲಗ್ಗಿನ ಕಡೆಯಿಂದ ದೂರಕ್ಕೆ ಹೋಗುತ್ತಾ ಕತ್ತರಿಸಬೇಕು.

ವರ್ಕಾಡಿಯಿಂದ:
ಇಎಲ್‌ಸಿಬಿ ವಿಷಯಕ್ಕೆ ನನ್ನದೂ ಒಂದು. ಎರಡು ವರ್ಷ ಹಿಂದೆ ನಾನು ಆ ವಯರನ್ನು ಕತ್ತರಿಸಿದ್ದೇನೆ, ಟಪ್ ಅಂತ ಸದ್ದು, ಮನೆಯ ಕರೆಂಟೆಲ್ಲ ಹೋಯಿತು. ಒಳಗಿನಿಂದ ಹೆಂಡತಿ ಮಿಕ್ಸಿ ನಿಂತಿತು ಅಂತ ಬೈದಳು. ನಾನು ಹುಲ್ಲಿನಲ್ಲೇ ಕೂತು ಬಿಟ್ಟೆ, ಕೈಕಾಲು ನಡುಗುತ್ತಿತ್ತು. ಅವತ್ತೇ ಬ್ಯಾಟರಿಗೆ ಬಂದದ್ದು.

ಟೀಚರೇ, ಬ್ಯಾಟರಿ ತೆಗೆಯುವ ಮೊದಲು ಮನೆಯಲ್ಲಿ ಡ್ರಿಲ್ ಉಂಟಾ ನೋಡಿ, ಯಾವ ಕಂಪೆನಿಯದ್ದು ಅಂತ. ಒಬ್ಬರ ಬ್ಯಾಟರಿ ಇನ್ನೊಬ್ಬರ ಮೆಷಿನಿಗೆ ಕೂರುವುದಿಲ್ಲ. ಬಾಷ್‌ನದ್ದೇ ನೀಲಿ ಬಣ್ಣದ್ದರ 18 ವೋಲ್ಟಿನ ಬ್ಯಾಟರಿ ಹಸಿರು ಬಣ್ಣದ್ದಕ್ಕೆ ಆಗುವುದಿಲ್ಲ. ಮಕಿಟಾದಲ್ಲಿ 18ರದ್ದೇ ಎರಡು ಸೇರಿಸಿ 36 ಮಾಡುವ ಮೆಷಿನೂ ಇದೆ, ನಾಳೆ ದೊಡ್ಡದು ಬೇಕು ಅನಿಸಿದರೆ ಅದು ಅನುಕೂಲ. ಮೊದಲ ಮೆಷಿನ್ ತೆಗೆಯುವುದು ಅಂದರೆ ಆ ಕಂಪೆನಿಯ ಬ್ಯಾಟರಿಯನ್ನು ಮದುವೆಯಾದ ಹಾಗೆ. ಮತ್ತೆ ಬಿಲ್ಲು ಇಟ್ಟುಕೊಳ್ಳಿ, ಸರ್ವಿಸಿಗೆ ಮಂಗಳೂರಿಗೆ ಹೋಗಬೇಕಾ ಕಣ್ಣೂರಿಗಾ ಅಂತ ತೆಗೆಯುವಾಗಲೇ ಕೇಳಿ. ಗಡಿಯಲ್ಲಿರುವ ನಮಗೆ ಇಬ್ಬರೂ ಆ ಕಡೆ ಕೈ ತೋರಿಸುತ್ತಾರೆ.

ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಬೇಸಿಗೆ ಇಡೀ ಇಡಬೇಡಿ, ಅರ್ಧ ಚಾರ್ಜಿನಲ್ಲಿ ಇಡಿ. ಅಡುಗೆ ಮನೆಯ ಅಟ್ಟದಲ್ಲಿ, ತಗಡಿನ ಶೆಡ್ಡಿನಲ್ಲಿ ಬೇಡ, ಸೆಕೆಗೆ ಬೇಗ ಸಾಯುತ್ತದೆ. ಕೆಲಸ ಮುಗಿದ ಕೂಡಲೇ ಬಿಸಿ ಇರುವಾಗ ಚಾರ್ಜಿಗೆ ಹಾಕಬೇಡಿ, ಚಹಾ ಕುಡಿದು ಬಂದು ಹಾಕಿ. ಕರೆಂಟಿನ ಖರ್ಚಿನ ಚಿಂತೆ ಬೇಡ, ಒಂದು ಯೂನಿಟಿನಲ್ಲಿ ಹತ್ತು ಸಲ ತುಂಬುತ್ತದೆ. ಆಟಿಯಲ್ಲಿ ಕರೆಂಟ್ ಇರಬೇಕು, ಅಷ್ಟೇ.

ಪೆರ್ಲದ ಅಡಿಕೆಗಾರ:
ಮೆಷಿನಿನಲ್ಲಿ ತಿರುಗಿ ಹುಲ್ಲು ಕತ್ತರಿಸುವ ದಾರದ ವಿಷಯ ಯಾರೂ ಹೇಳಲಿಲ್ಲ. ಸಣ್ಣ ಮೆಷಿನಿಗೆ 1.6 ಅಥವಾ 2 ಮಿಲಿಮೀಟರಿನ ನೈಲಾನ್ ದಾರ, ಮೀನು ಹಿಡಿಯುವ ತಂಗೂಸಿಯ ಅಣ್ಣ ಅನ್ನಿ. ಪೆಟ್ರೋಲ್ ಮೆಷಿನಿನ 3 ಮಿಲಿಮೀಟರಿನದ್ದು ಮನೆಯಲ್ಲಿ ಇದೆ ಅಂತ ಅದನ್ನೇ ತುರುಕಬೇಡಿ, ಮೋಟರ್ ಸುಡುತ್ತದೆ. ಹಳೇ ದಾರ ಒಣಗಿ ಟಕ್ ಟಕ್ ತುಂಡಾಗುತ್ತಿದ್ದರೆ ಒಂದು ರಾತ್ರಿ ನೀರಿನಲ್ಲಿ ಹಾಕಿಡಿ, ನೈಲಾನ್ ನೀರು ಕುಡಿದು ಮೆತ್ತಗಾಗುತ್ತದೆ.

ಮತ್ತೆ ಅಡಿಕೆ ಸಸಿ, ತೆಂಗಿನ ಸಸಿಯ ಬುಡಕ್ಕೆ ಮೆಷಿನ್ ತರಲೇಬೇಡಿ. ಮಾವು ಹಲಸಿಗೆ ಗಾಯವಾದರೆ ಸಿಪ್ಪೆ ಬೆಳೆದು ಮುಚ್ಚಿಕೊಳ್ಳುತ್ತದೆ. ಅಡಿಕೆ ತೆಂಗಿಗೆ ಆ ಗುಣ ಇಲ್ಲ, ಆದ ಗಾಯ ಇದ್ದೇ ಇರುತ್ತದೆ. ತೆಂಗಿನ ಕಾಂಡ ಸೋರುವ ರೋಗ ನುಗ್ಗುವುದೂ ಅಂಥ ಗಾಯದಿಂದಲೇ. ನನ್ನ ಹೊಸ ಗಿಡದಲ್ಲಿ ಎರಡಕ್ಕೆ ಕೆಲಸದವರ ದಾರ ಉಂಗುರದ ಹಾಗೆ ಸುತ್ತ ತಾಗಿದೆ, ಇವತ್ತಿಗೂ ಅದರ ಎದುರು ಹೋದರೆ ನನಗೆ ಸಿಟ್ಟು ಬರುತ್ತದೆ. ಬುಡದ ಸುತ್ತ ಒಂದು ಮೊಳ ಕತ್ತಿಯಲ್ಲೇ ಹೆರೆಯಿರಿ. ಕನ್ನಡಕ ಹಾಕಿ, ಬೂಟು ಹಾಕಿ. ಇಲಿಜ್ವರದ ಕಾಲದಲ್ಲಿ ಒದ್ದೆ ಹುಲ್ಲಿನ ನೀರು ಗಾಯದ ಕಾಲಿಗೆ ಸಿಡಿಯುವುದು ಒಳ್ಳೆಯದಲ್ಲ.

ನೀರ್ಚಾಲು ಟೀಚರ್:
ಮೂರು ವಾರ ಆಯಿತು, ಹೇಳದೆ ಇದ್ದರೆ ಸರಿಯಲ್ಲ. 18 ವೋಲ್ಟಿನ ಬ್ರಷ್‌ಲೆಸ್ ತೆಗೆದೆ, 4 ಆಂಪ್ ಅವರ್‌ನ ಎರಡು ಬ್ಯಾಟರಿ. ತಮ್ಮನ ಡ್ರಿಲ್ ಅದೇ ಕಂಪೆನಿಯದ್ದಿತ್ತು, ಚಾರ್ಜರ್ ತೆಗೆಯುವುದು ಉಳಿಯಿತು.

ಮೊದಲ ದಿನ ಅಪ್ಪ ಜಗಲಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದರು. ಮೊದಲ ಬ್ಯಾಟರಿ 13 ನಿಮಿಷಕ್ಕೆ ನಿಂತಿತು, ಬಾವಿಗೆ ಇನ್ನೂ ಎರಡು ತೆಂಗಿನ ಮರ ದೂರ ಇತ್ತು. "ಇಷ್ಟಕ್ಕೆ ಇಷ್ಟು ದುಡ್ಡಾ" ಅಂದರು. ಎರಡನೆಯದು ಹಾಕಿ ಬಾವಿಕಟ್ಟೆ ದಾಟಿ ಹಟ್ಟಿಯ ಹಿಂದಿನವರೆಗೆ ಹೋದೆ. ನಾಚಿಕೆ ಮುಳ್ಳು ಇರುವ ಕಡೆ ಸ್ವಲ್ಪ ಏಗಬೇಕಾಯಿತು, ಎರಡು ಸಲ ದಾರ ತುಂಡಾಯಿತು. ಉಳಿದದ್ದು ಸಲೀಸು. ಹೊಗೆ ಇಲ್ಲ. ಅಮ್ಮ ಒಳಗಿನಿಂದ ಕರೆದದ್ದು ಕೇಳಿಸುತ್ತದೆ, ಇದು ಲಾಭವೋ ನಷ್ಟವೋ ಗೊತ್ತಿಲ್ಲ. ಹೋದ ಭಾನುವಾರ ನಾನು ಶಾಲೆಯ ಮೀಟಿಂಗಿಗೆ ಹೋಗಿ ಬರುವಾಗ ಅಪ್ಪನೇ ಅರ್ಧ ಅಂಗಳ ಮುಗಿಸಿದ್ದರು, ಕೇಳಿದರೆ ಸುಮ್ನೆ ಪರೀಕ್ಷೆ ಮಾಡಿದೆ ಅಂದರು.

@ಕುಂಬಳೆ ವರ್ಕ್‌ಶಾಪ್, ಹಳೆಯದನ್ನು ತರುತ್ತೇನೆ. ಶನಿವಾರ ಮಧ್ಯಾಹ್ನದ ಮೇಲೆ ಇರುತ್ತೀರಾ?

ಕುಂಬಳೆ ವರ್ಕ್‌ಶಾಪ್:
ಐದೂವರೆವರೆಗೆ ಇರುತ್ತೇನೆ ಟೀಚರೇ. ಬಸ್ಸಿನಲ್ಲಿ ತರುವುದಾದರೆ ಟ್ಯಾಂಕ್ ಖಾಲಿ ಮಾಡಿಯೇ ತನ್ನಿ, ಇಲ್ಲದಿದ್ದರೆ ಕಂಡಕ್ಟರ್ ಹತ್ತಲು ಬಿಡುವುದಿಲ್ಲ. ನಿಮ್ಮ ಪಕ್ಕದ ಮನೆಯವರ ಆ 98 ಇದೆಯಲ್ಲ, ಅದನ್ನೂ ತರಲು ಹೇಳಿ, ಒಳಗೆ ಎಷ್ಟು ಸೆಲ್ ಉಂಟು ಅಂತ ನನಗೂ ನೋಡಬೇಕು.