ಅಪ್‌ಡೇಟ್: ಒಲೆಯ ಹಳದಿ ಉರಿ ಸರಿಹೋಯಿತು, ಪೈಪಿನ ಕಥೆ ಬೇರೆ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಸಿಲಿಂಡರ್ ಒಲೆಯ ಉರಿ ಹಳದಿಯಾಗಿದೆ, ಪಾತ್ರೆಯ ತಳಕ್ಕೆಲ್ಲ ಮಸಿ, ಹೊಸ ಒಲೆ ಕೊಳ್ಳಬೇಕಾ ಎಂದು ಕೇಳಿದ್ದೆ. ಬೇಕಾಗಲಿಲ್ಲ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಮೆಕ್ಯಾನಿಕ್ ಬಂದು ಬಿಚ್ಚಿ ನೋಡಿದರು. ಗ್ಯಾಸಿಗೆ ಗಾಳಿ ಬೆರೆಯುವ ಕೊಳವೆಯೊಳಗೆ ಜೇಡರ ಬಲೆ, ಮೇಲೆ ಎಣ್ಣೆ ಜಿಡ್ಡು. ಗಾಳಿ ಸಾಲದಿದ್ದರೆ ಗ್ಯಾಸ್ ಪೂರ್ತಿ ಉರಿಯುವುದಿಲ್ಲ, ಅದರದ್ದೇ ಮಸಿ. ಬರ್ನರನ್ನು ಬಿಸಿ ಸೋಪ್ ನೀರಲ್ಲಿ ನೆನೆಸಿ, ತೂತುಗಳನ್ನು ಪಿನ್ನಿನಿಂದ ಬಿಡಿಸಿ, ಚೆನ್ನಾಗಿ ಒಣಗಿಸಿ ಕೂರಿಸಿದೆ. ಉರಿ ಈಗ ನೀಲಿ. ಜೆಟ್ (ಗ್ಯಾಸ್ ಹೊರಬರುವ ಸಣ್ಣ ತೂತಿನ ಬಿಡಿಭಾಗ) ಮಾತ್ರ ಕೆದಕಬಾರದು. ಅದರ ತೂತು ಸ್ವಲ್ಪ ಅಗಲವಾದರೂ ಗ್ಯಾಸ್ ಜಾಸ್ತಿ ಬಂದು ಮತ್ತೆ ಹಳದಿ.

ನಿಜವಾದ ಗಾಬರಿ ಆಮೇಲೆ. ಕಟ್ಟೆಯ ಕೆಳಗೆ ರಬ್ಬರ್ ಪೈಪಿನ ಮೇಲೆ ಇಲಿ ಕಚ್ಚಿದ ಗುರುತು! ಈ ಕಡೆಯ ಹಳೇ ಬಿಲ್ಡಿಂಗುಗಳಲ್ಲಿ ಇಲಿಗೇನು ಬರ, ಅಲ್ವಾ. ಒಳಗೆ ತಂತಿ ಹೆಣಿಗೆ ಇರುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪ್ ಹಾಕಿಸಿದೆ. ಇದನ್ನೂ 5 ವರ್ಷಕ್ಕೊಮ್ಮೆ ಬದಲಿಸಬೇಕು. ಜೋಡಣೆಗೆ ಸೋಪ್ ನೊರೆ ಹಚ್ಚಿದರೆ ಗುಳ್ಳೆ ಏಳಲಿಲ್ಲ, ಅಂದರೆ ಸೋರಿಕೆ ಇಲ್ಲ. ಬೆಂಕಿಕಡ್ಡಿ ಹಿಡಿದು ನೋಡಿ ಎಂದು ಒಬ್ಬರು ಬರೆದಿದ್ದಿರಿ, ಬೇಡ ಮಾರಾಯ್ರೆ!

ಗ್ಯಾಸ್ ವಾಸನೆ ಬಂದರೆ ಎಕ್ಸಾಸ್ಟ್ ಫ್ಯಾನ್ ಹಾಕು ಎನ್ನುತ್ತಾರೆ ಪಕ್ಕದ ಮನೆಯ ಕಾಕು (ಚಿಕ್ಕಮ್ಮ). ಅದೂ ತಪ್ಪು, ಸ್ವಿಚ್ಚಿನ ಕಿಡಿ ಸಾಕು. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿಕೊಂಡಿರುತ್ತದೆ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು, ಹೊರಗೆ ಹೋಗಿ ಗ್ಯಾಸ್ ಸೋರಿಕೆಯ ತುರ್ತು ನಂಬರ್ 1906ಕ್ಕೆ ಫೋನ್ ಮಾಡಬೇಕು.

ಸೊಸೈಟಿಗೆ ಪೈಪ್ ಗ್ಯಾಸ್ ಬರುವ ಮಾತಿದೆ. ಆಗ ಇದೇ ಒಲೆಗೆ ಬೇರೆ ಜೆಟ್ ಹಾಕಿಸಬೇಕು. ಯಾರಾದರೂ ಹಾಕಿಸಿದ್ದೀರಾ?