ಟ್ಯಾಂಕಿಲ್ಲದ ಗ್ಯಾಸ್ ಗೀಸರ್: ದುಬಾರಿಯದೋ, ಅಗ್ಗದ್ದೋ?

ಹೊಸಮನೆ: ಕಂಡೆನ್ಸಿಂಗ್ ಮಾದರಿಗೂ ಸಾಧಾರಣದ್ದಕ್ಕೂ ಬೆಲೆಯಲ್ಲಿ ಭಾರಿ ಅಂತರ ಇದೆ. ಅಷ್ಟು ದುಡ್ಡು ಸುರಿಯೋದು ಸಾರ್ಥಕವಾ?

ತಾಮ್ರಕೊಳವೆ: ಸಾರ್ಥಕವೇ. ಸಾಧಾರಣದ್ದರ ದಕ್ಷತೆ ಶೇ 80ರ ಆಸುಪಾಸು, ಮಿಕ್ಕ ಶಾಖ ಹೊಗೆ ಜೊತೆ ಆಚೆ ಹೋಗುತ್ತೆ. ಕಂಡೆನ್ಸಿಂಗ್‌ನಲ್ಲಿ ಹೊಗೆಯೊಳಗಿನ ಆವಿ ನೀರಾಗಿ ಇಳಿಯುವಾಗ ಆ ಶಾಖವೂ ಸಿಗುತ್ತೆ, ಶೇ 90 ದಾಟುತ್ತೆ. ಹತ್ತು ವರ್ಷದ ಗ್ಯಾಸ್ ಖರ್ಚು ಲೆಕ್ಕ ಹಾಕಿ.

ಗಡಸುನೀರು: "ಹತ್ತು ವರ್ಷ" ಅಂತೆ! ನಮ್ಮನೆಯ ದುಬಾರಿ ಗೀಸರ್ ಮೂರೇ ವರ್ಷಕ್ಕೆ ಸುಣ್ಣ ಕಟ್ಟಿ ನಿಂತುಹೋಯ್ತು. ವಾರಂಟಿ ಕೇಳಿದರೆ, ಸುಣ್ಣ ತೆಗೆಸಿದ ರಸೀದಿ ತೋರಿಸಿ ಅಂದರು. ಅಗ್ಗದ್ದೇ ತಗೊಳ್ಳಿ, ಕಟ್ಟಿಕೊಂಡರೆ ಬದಲಾಯಿಸಿದರಾಯ್ತು.

ತಾಮ್ರಕೊಳವೆ: ರಸೀದಿ ಇಲ್ಲ ಅಂದ್ರೆ ತೆಗೆಸೇ ಇಲ್ಲ ಅಂತಾಯ್ತಲ್ಲ. ವರ್ಷಕ್ಕೊಮ್ಮೆ ಸಣ್ಣ ಪಂಪಿಟ್ಟು ಒಂದು ಗಂಟೆ ವಿನೆಗರ್ ಓಡಿಸಿದ್ದರೆ ಸಾಕಿತ್ತು.

ಗಡಸುನೀರು: ವಿನೆಗರ್ ಅಂದ್ರೆ ಆಮ್ಲ ಕಣ್ರೀ. ಗೀಸರ್ ಒಳಗಿನ ತಾಮ್ರಾನೇ ತಿನ್ನುತ್ತೆ.

ಉರಿಜ್ವಾಲೆ: ಸ್ವಲ್ಪ ಇಲ್ಲಿ ಕೇಳಿ. ಅಗ್ಗದ್ದರಲ್ಲಿ ಕೆಲವಕ್ಕೆ ಹೊಗೆಕೊಳವೆಯೇ ಇರಲ್ಲ. ಅಂಥದ್ದನ್ನು ಬಾಗಿಲು ಮುಚ್ಚುವ ಬಚ್ಚಲಲ್ಲಿ ಹಾಕಲೇಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಗೊತ್ತಾಗೋ ಹೊತ್ತಿಗೆ ಜೀವವೇ ಹೋಗಿರುತ್ತೆ.

ತಾಮ್ರಕೊಳವೆ: ತಿನ್ನೋದು ದಿನಗಟ್ಟಲೆ ನೆನೆಸಿಟ್ಟರೆ. ಅಡುಗೆಮನೆ ವಿನೆಗರ್‌ನಲ್ಲಿ ಆಮ್ಲ ಇರೋದು ಶೇ 5ರಷ್ಟು. ಅದು ಸುಣ್ಣ ಕರಗಿಸುತ್ತೆ, ಆಮೇಲೆ ಶುದ್ಧ ನೀರು ಬಿಟ್ಟು ತೊಳೆದರೆ ಮುಗೀತು. ಎಷ್ಟೋ ಗೀಸರ್‌ಗಳ ಕೈಪಿಡಿಯಲ್ಲೇ ಹಾಗಂತ ಬರೆದಿದೆ.

ಗಡಸುನೀರು: "ಎಷ್ಟೋ" ಅಂದ್ರೆ ಎಲ್ಲಾ ಅಲ್ವಲ್ಲ! ನನ್ನ ಕೈಪಿಡಿಯಲ್ಲಿ ಒಂದು ಸಾಲೂ ಇರಲಿಲ್ಲ.

ತಾಮ್ರಕೊಳವೆ: ಓದಿದ್ರಾ ಅಂತ ಕೇಳ್ತಿದ್ದೀನಿ.

ಗಡಸುನೀರು: ಮಾತು ಹಿಡಿತದಲ್ಲಿರಲಿ. ದುಡ್ಡು ಕಳ್ಕೊಂಡಿರೋನು ನಾನು.

ಅಳತೆಗೋಲು: ಸುಣ್ಣ ಬಿಡಿ. ಪೆಟ್ಟಿಗೆ ಮೇಲೆ ಬರೆದ "ನಿಮಿಷಕ್ಕೆ ಇಷ್ಟು ಲೀಟರ್" ಯಾವ ಉಷ್ಣಾಂಶದ ಏರಿಕೆಗೆ ಅಂತ ನೋಡಿ. ನಿಮಿಷಕ್ಕೆ 6 ಲೀಟರನ್ನು 25 ಡಿಗ್ರಿ ಏರಿಸೋಕೆ ಸುಮಾರು 10.5 ಕಿಲೋವಾಟ್ ಬೇಕು. 50 ಡಿಗ್ರಿಗೆ ಅದರ ಎರಡರಷ್ಟು. ಶಕ್ತಿ ಸಾಲದಿದ್ರೆ ದುಬಾರಿಯದೂ ಉಗುರುಬೆಚ್ಚಗಿನ ನೀರೇ ಕೊಡೋದು.

ಗಡಸುನೀರು: ನೋಡಿ, "ದುಬಾರಿಯದೂ" ಅಂತ ಇವರೇ ಹೇಳ್ತಿದ್ದಾರೆ.

ಅಳತೆಗೋಲು: ನಾನು ಹೇಳಿದ್ದು ಶಕ್ತಿಯ ಬಗ್ಗೆ. ಬೆಲೆ ಬಗ್ಗೆ ಅಲ್ಲ.

ಹೊಸಮನೆ: ಉರಿಜ್ವಾಲೆ ಅವರೇ, ಹೊಗೆಕೊಳವೆ ಇರೋದನ್ನೇ ನೋಡ್ತೀನಿ. ಇನ್ನೊಂದು ಅನುಮಾನ: ಕಂಡೆನ್ಸಿಂಗ್‌ನಿಂದ ಇಳಿಯೋ ನೀರನ್ನ ಎಲ್ಲಿಗೆ ಬಿಡೋದು?

ತಾಮ್ರಕೊಳವೆ: ಚರಂಡಿಗೆ ಬೇರೆ ಪೈಪ್ ಎಳೀಬೇಕು. ಆ ನೀರು ಸ್ವಲ್ಪ ಆಮ್ಲೀಯ, ಅದಕ್ಕೇ ಒಳಗಿನ ಎರಡನೇ ಶಾಖ ವಿನಿಮಯಕ (ಹೊಗೆಯ ಶಾಖವನ್ನ ನೀರಿಗೆ ದಾಟಿಸೋ ಭಾಗ) ಸ್ಟೇನ್‌ಲೆಸ್ ಸ್ಟೀಲಿಂದು.

ಗಡಸುನೀರು: ಆಮ್ಲಕ್ಕೆ ಹೆದರಿ ಸ್ಟೀಲ್ ಹಾಕ್ತಾರೆ ಅಂತ ಈಗ ನೀವೇ ಒಪ್ಕೊಂಡ್ರಿ. ವಿನೆಗರ್ ಬಗ್ಗೆ ನಾನು ಹೇಳಿದ್ದೂ ಇದನ್ನೇ.